ಬೆಳ್ಳಿ ವಿಮಾನಕ್ಕೆ ಮಸಿ ಹಚ್ಚೋ ಕೆಲಸ

ಅಲ್ಲಾ ಕಣ್ರವ್ವಾ, ಹೊಸ ಪಾತ್ರೆ ತಂದು ಅದರ ತಳಕ್ಕೆ ತಾವೇ ಮಸಿ ಬಳಿಯೋರನ್ನ ಎಲ್ಲಾದ್ರೂ ಕಂಡಿದ್ದೀರಾ? ಹೊಸ ಸೀರೆಗೆ ಕಾಫಿ ಚೆಲ್ಲಿಕೊಂಡು ‘ಈಗ ಸರಿಯಾಯ್ತು’ ಅನ್ನೋರನ್ನ? ಮೈಸೂರಲ್ಲಿ ಓದ್ತಿರೋ ನಮ್ಮ ತಂಗಿ ಮಗ ಮಾಡೋ ಕೆಲಸ ಇಂಥದ್ದೇ. ಪ್ಲಾಸ್ಟಿಕ್ ತುಂಡುಗಳನ್ನ ಅಂಟಿಸಿ ಯುದ್ಧವಿಮಾನದ ಮಾಡೆಲ್ ಮಾಡ್ತಾನೆ. ಕನ್ನಡಿ ಹಂಗೆ ಹೊಳೆಯೋ ತನಕ ಬೆಳ್ಳಿ ಬಣ್ಣ ಹಾಕ್ತಾನೆ. ಆಮೇಲೆ ಕೂತ್ಕೊಂಡು ಅದಕ್ಕೆ ಎಣ್ಣೆ ಕಲೆ, ಹೊಗೆ ಕಲೆ, ಧೂಳು, ಮಸಿ ಎಲ್ಲಾ ಒಂದೊಂದಾಗಿ ಹಚ್ತಾನೆ. ‘ಇಷ್ಟು ಚೆಂದಾಗಿರೋದನ್ನ ಯಾಕಪ್ಪಾ ಕೊಳೆ ಮಾಡ್ತೀಯಾ?’ ಅಂತ ನಮ್ಮ ಚಿಕ್ಕವ್ವ ಕೇಳೇಬಿಟ್ಟರು. ಅದನ್ನ ಅವರೊಬ್ಬರೇ ಕೇಳಿಲ್ಲ, ನಿಮ್ಮಲ್ಲೂ ನಾಕೈದು ಜನ ಕೇಳಿದ್ದೀರಿ. ಉತ್ತರ ಹೇಳಬೇಕಾದ್ರೆ ಬೆಂಗಳೂರು, ಪಂಜಾಬು, ಮಡಿಕೇರಿ ಎಲ್ಲಾ ಒಂದು ಸುತ್ತು ಹಾಕ್ಕೊಂಡು ಬರಬೇಕು. ಒಲೆ ಮೇಲೆ ಏನಾದ್ರೂ ಇದ್ರೆ ಇಳಿಸಿ ಬನ್ನಿ.

ಮೊದಲು ಆ ವಿಮಾನ ಯಾವುದು ಅಂತ ಹೇಳ್ತೀನಿ. ಹೆಸರು ಮಿಸ್ಟೇರ್. ಫ್ರಾನ್ಸಿನ ಡಸ್ಸಾಲ್ ಕಂಪನಿ ಮಾಡಿದ್ದು. ಈಗ ನಮ್ಮ ದೇಶ ತರಿಸಿಕೊಂಡಿರೋ ರಫೇಲ್ ವಿಮಾನಾನೂ ಅದೇ ಕಂಪನೀದು. 1957ರಿಂದ ಈಚೆಗೆ ಭಾರತ ನೂರಕ್ಕೂ ಹೆಚ್ಚು ಮಿಸ್ಟೇರ್‌ಗಳನ್ನ ಕೊಂಡಿತ್ತು. ಒಬ್ಬರೇ ಕೂರೋ ವಿಮಾನ. ನಿಜವಾದದ್ದು ಉದ್ದ ಹೆಚ್ಚುಕಮ್ಮಿ 13 ಮೀಟರ್. ನಮ್ಮ ಹುಡುಗ ಮಾಡಿರೋದು ಅದರ 72ರಲ್ಲಿ ಒಂದು ಪಾಲು, ಅಂದ್ರೆ 18 ಸೆಂಟಿಮೀಟರಿಗಿಂತ ಚೂರು ಕಮ್ಮಿ. ಒಂದು ಗೇಣೂ ಪೂರ್ತಿ ಇಲ್ಲ.

ಈ ಲೆಕ್ಕ ನೆನಪಿಟ್ಟುಕೊಳ್ಳಿ. ಆ ಗೇಣುದ್ದದ ವಿಮಾನದ ಮೇಲೆ 1 ಸೆಂಟಿಮೀಟರ್ ಕಲೆ ಹಾಕಿದ್ರೆ ನಿಜವಾದ ವಿಮಾನದ ಮೇಲೆ ಅದು 72 ಸೆಂಟಿಮೀಟರ್ ಕಲೆ. ಅದಕ್ಕೇ ಅವನು ಉಸಿರು ಬಿಗಿಹಿಡಿದು, ಮೂರು ಕೂದಲಿನ ಬ್ರಷ್ಷಲ್ಲಿ ಕೆಲಸ ಮಾಡೋದು. ನಾವು ರಂಗೋಲಿ ಪುಡಿ ಬಿಡುವಾಗ ಯಾರಾದ್ರೂ ಮಾತಾಡ್ಸಿದ್ರೆ ರೇಗ್ತೀವಲ್ಲ, ಹಂಗೆ ಅವನೂ ರೇಗ್ತಾನೆ.

ಕೆಲಸದ ಕ್ರಮ ಹಿಂಗೈತೆ. ತುಂಡುಗಳನ್ನ ಸೋಪಿನ ನೀರಲ್ಲಿ ತೊಳೀಬೇಕು, ಜಿಡ್ಡಿದ್ರೆ ಬಣ್ಣ ಹಿಡಿಯಲ್ಲ. ಅಂಟಿಸಿದ ಮೇಲೆ ಕೂಡಿದ ಜಾಗಾನೆಲ್ಲಾ ಉಪ್ಪುಕಾಗದದಲ್ಲಿ ಉಜ್ಜಬೇಕು. ಬೇರೆ ಬಣ್ಣ ಆದ್ರೆ ಗೀರು ಮುಚ್ಚಿಹೋಗ್ತದೆ, ಬೆಳ್ಳಿ ಬಣ್ಣ ಒಂದು ಗೀರನ್ನೂ ಬಚ್ಚಿಡಲ್ಲ. ಆಮೇಲೆ ಹೊಳೆಯೋ ಕಪ್ಪು ಬಣ್ಣ. ಹೌದು, ಬೆಳ್ಳಿಗೆ ಅಡಿಪಾಯ ಕಪ್ಪು. ಕಪ್ಪಿನ ಮೇಲೆ ತೆಳ್ಳಗೆ ಅಲ್ಯೂಮಿನಿಯಂ ಬಣ್ಣ ಊದಿದ್ರೆ ಮಾತ್ರ ಅದು ಲೋಹದ ಹಂಗೆ ಕಾಣೋದು. ಒಂದೇ ಸಲ ದಪ್ಪಗೆ ಬಳಿದ್ರೆ ತಗಡಿನ ಗೆರೆಗಳೆಲ್ಲಾ ಮುಚ್ಚಿಕೊಂಡು ಹೋಗ್ತವೆ.

ಇನ್ನೊಂದು ಮಾತು. ವಿಮಾನದ ಮೈ ಒಂದೇ ತಗಡಲ್ಲ, ಹತ್ತಾರು ತಗಡು ಸೇರಿಸಿ ಮಾಡಿದ್ದು. ನಮ್ಮ ಅಡುಗೆಮನೇಲಿ ಒಂದೇ ದಿನ ತಂದ ಅಲ್ಯೂಮಿನಿಯಂ ಪಾತ್ರೆಗಳೂ ವರ್ಷ ಕಳೆದ ಮೇಲೆ ಒಂದೊಂದು ಬಣ್ಣಕ್ಕೆ ತಿರುಗ್ತವಲ್ಲ, ಹಂಗೆ ಅಲ್ಲಿ ಒಂದು ತಗಡು ಬೆಳ್ಳಗೆ, ಪಕ್ಕದ್ದು ಮಂಕು. ಹಿಂದಿನ ಹೊಗೆಕೊಳವೆ ಹತ್ರ ನೀಲಿ, ಕಂದು, ಹೊನ್ನಿನ ಛಾಯೆ. ಸ್ಟೀಲ್ ಪಾತ್ರೇನ ಖಾಲಿ ಜೋರು ಉರೀಲಿ ಬಿಟ್ರೆ ತಳ ಯಾವ ಬಣ್ಣಕ್ಕೆ ಬರ್ತದೋ ಅದೇ ಬಣ್ಣ. ಇದನ್ನ ಅವನಿಗೆ ತೋರಿಸಿಕೊಟ್ಟದ್ದು ನಮ್ಮನೆ ಹಾಲಿನ ಪಾತ್ರೆ.

ಯುದ್ಧದ ಸಾಮಾನು ನಮಗ್ಯಾಕೆ ಅಂತ ಮೂಗು ಮುರೀಬೇಡಿ. ನಮ್ಮ ಹುಣಸೂರಿಗೂ ಸೈನ್ಯಕ್ಕೂ ಹಳೇ ನಂಟು. ಹೈದರಾಲಿ, ಟಿಪ್ಪು ಕಾಲದಲ್ಲಿ ಫಿರಂಗಿ ಎಳೀತಿದ್ದ ಅಮೃತಮಹಲ್ ಎತ್ತುಗಳ ಇಲಾಖೆ ಇಂಗ್ಲಿಷರ ಕೈಗೆ ಹೋದ ಮೇಲೆ ಅದಕ್ಕೆ ಹುಣಸೂರೇ ಮುಖ್ಯ ಠಾಣೆ ಆಗಿತ್ತು. ಕಂಪನಿ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಗಾಡಿಗಳು ಇಲ್ಲೇ ತಯಾರಾಗ್ತಿದ್ದವು. ಚರ್ಮ ಹದ ಮಾಡಿದೋರು, ಕಂಬಳಿ ನೇಯ್ದೋರು, ಗಾಡಿ ಗುಂಬ ಕೊರೆದೋರು ಯಾರು ಅಂತ ಯಾವ ಕಲ್ಲಿನ ಮೇಲೂ ಬರೆದಿಲ್ಲ. ಯುದ್ಧದ ಕಥೆ ಹೇಳುವಾಗ ಗೆದ್ದೋರ ಹೆಸರು ಬರ್ತದೆ, ಸಾಮಾನು ಮಾಡಿದೋರ ಹೆಸರು ಬರಲ್ಲ. ಈ ಮಾತು ಮುಂದೆ ಮತ್ತೆ ಬೇಕಾಗ್ತದೆ.

ಈಗ ಬೆಂಗಳೂರಿಗೆ ಹೋಗೋಣ. 1940ರ ಡಿಸೆಂಬರಿನಲ್ಲಿ ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ನಮ್ಮ ಮೈಸೂರು ಸರ್ಕಾರವೂ ದುಡ್ಡು ಹಾಕಿತ್ತು, ಜಾಗ ಕೊಟ್ಟಿತ್ತು. ಈಗ ನಾವು ಎಚ್‌ಎಎಲ್ ಅನ್ನೋದು ಅದನ್ನೇ. ಎರಡನೇ ಮಹಾಯುದ್ಧ ನಡೀತಿದ್ದ ಕಾಲ. 1943ರಲ್ಲಿ ಅಮೆರಿಕದ ಸೈನ್ಯ ಆ ಕಾರ್ಖಾನೆಯನ್ನು ವಹಿಸಿಕೊಂಡು ತನ್ನ ವಿಮಾನಗಳನ್ನು ಅಲ್ಲಿ ರಿಪೇರಿ ಮಾಡಿಸಿತು.

ಆ ಕಾಲದಲ್ಲಿ ಬಣ್ಣ ಅಂದ್ರೆ ಪ್ರಾಣದ ವಿಷಯ. ಇಂಗ್ಲಿಷರ ವಿಮಾನಗಳ ಗುರುತು ನೀಲಿ, ಬಿಳಿ ಸುತ್ತಿನ ನಡುವೆ ಒಂದು ಕೆಂಪು ಬೊಟ್ಟು. ಜಪಾನಿನ ವಿಮಾನಗಳ ಗುರುತೂ ಒಂದು ದೊಡ್ಡ ಕೆಂಪು ಬೊಟ್ಟೇ. ಆಕಾಶದಲ್ಲಿ ಕಣ್ಣು ಮಿಟುಕಿಸೋದ್ರೊಳಗೆ ಯಾರು ನಮ್ಮೋರು ಯಾರು ಅವರು ಅಂತ ತಿಳೀಬೇಕಲ್ಲ. ಅದಕ್ಕೆ ಭಾರತ, ಬರ್ಮಾ ಕಡೆ ಹಾರೋ ನಮ್ಮ ಕಡೆ ವಿಮಾನಗಳ ಮೇಲಿನ ಕೆಂಪನ್ನ ಅಳಿಸಿ ನೀಲಿ, ತಿಳಿನೀಲಿ ಮಾತ್ರ ಉಳಿಸಿದರು. ಸ್ವಾತಂತ್ರ್ಯ ಬಂದು, 1950ರಲ್ಲಿ ಗಣರಾಜ್ಯ ಆದ ಮೇಲೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರೋ ಈಗಿನ ಸುತ್ತು ಬಂತು. ನಮ್ಮ ಹುಡುಗ ಆ ಸುತ್ತಿನ ಚೀಟೀನ ನೀರಲ್ಲಿ ನೆನೆಸಿ, ಜಾರಿಸಿ, ರೆಕ್ಕೆ ಮೇಲೆ ಕೂರಿಸ್ತಾನೆ. ಗಾಳಿ ಗುಳ್ಳೆ ಒಂದು ಉಳಿದ್ರೂ ಆಗಲ್ಲ.

ಮಾಡೆಲ್ ಅಂದ್ರೆ ಹುಡುಗಾಟ ಅನ್ನೋರಿಗೆ ಒಂದು ವಿಷಯ. ಎಚ್‌ಎಎಲ್ ತಾನೇ ರೂಪಿಸಿದ ಯುದ್ಧವಿಮಾನ ಮರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಅನ್ನೋ ಎಂಜಿನಿಯರನ್ನ ಕರೆಸಿ, ನಮ್ಮ ಎಂಜಿನಿಯರುಗಳು ಅವರ ಜೊತೆ ಸೇರಿ ಮಾಡಿದ್ದು. ಅದಕ್ಕೂ ಮೊದಲು 1959ರಲ್ಲಿ ಅದೇ ಅಳತೆಯ ಒಂದು ಮರದ ವಿಮಾನ ಮಾಡಿದರು. ಎಂಜಿನ್ ಇಲ್ಲ. ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡೋರು, ಅದು ತೇಲಿಕೊಂಡು ಇಳಿಯೋದು. ಹಿಂಗೆ 70ಕ್ಕೂ ಹೆಚ್ಚು ಸಲ ಹಾರಿಸಿ ನೋಡಿದ ಮೇಲೇ ಲೋಹದ ಮರುತ್ 1961ರ ಜೂನ್ 17ರಂದು ಬೆಂಗಳೂರಲ್ಲಿ ಹಾರಿದ್ದು. ಹಾರಿಸಿದೋರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮರುತ್ ವಿಮಾನವನ್ನೇ ಪರೀಕ್ಷೆ ಮಾಡ್ತಾ ಅಲ್ಲೇ ತೀರಿಕೊಂಡರು. ಬೆಂಗಳೂರಿನಲ್ಲಿರೋ ನಿಮ್ಮ ಮಕ್ಕಳು ಸುರಂಜನ್ ದಾಸ್ ರಸ್ತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೀವಿ ಅಂತ ಫೋನ್ ಮಾಡ್ತಾರಲ್ಲ, ಆ ಹೆಸರು ಇವರದ್ದೇ.

ಈಗ ಮಿಸ್ಟೇರಿಗೆ ವಾಪಸ್ ಬರ್ತೀನಿ. ಅದನ್ನೇ ಯಾಕೆ ಮಾಡಿದ ಅಂದ್ರೆ, ನಮ್ಮ ಪಕ್ಕದ ಕೊಡಗಿನವರೊಬ್ಬರು ಅದರಲ್ಲಿ ಹೋಗಿ ವಾಪಸ್ ಬರಲಿಲ್ಲ.

ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿಗೆ ಬಸ್ಸಲ್ಲಿ ಹೋಗಿರ್ತೀರಿ. ನಮ್ಮ ಕಡೆಯಿಂದ ಕಾಫಿ ಕುಯ್ಯೋಕೆ ಎಷ್ಟು ಜನ ಹೋಗಿಲ್ಲ! ಮಡಿಕೇರಿಯ ಹಳೇ ಖಾಸಗಿ ಬಸ್ ನಿಲ್ದಾಣದ ಹತ್ರ ಒಂದು ವೃತ್ತ ಐತೆ, ಅಲ್ಲಿ ಪ್ರತಿಮೆಯೂ ಐತೆ. ಅವರೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1932ರಲ್ಲಿ ಹುಟ್ಟಿದವರು, 1954ರಲ್ಲಿ ವಾಯುಪಡೆ ಸೇರಿದರು. ಹೊಸಬರಿಗೆ ವಿಮಾನ ಹಾರಿಸೋದು ಕಲಿಸೋ ಮೇಷ್ಟ್ರಾಗಿದ್ದರು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಪಂಜಾಬಿನ ಆದಂಪುರದಲ್ಲಿ, ಮಿಸ್ಟೇರ್ ಹಾರಿಸೋ 1ನೇ ಸ್ಕ್ವಾಡ್ರನ್ನಿನಲ್ಲಿದ್ದರು.

ಸೆಪ್ಟೆಂಬರ್ 7, ಬೆಳಗಿನ ಜಾವ. ಪಾಕಿಸ್ತಾನದ ದೊಡ್ಡ ವಾಯುನೆಲೆ ಸರ್ಗೋಧಾ ಮೇಲೆ ದಾಳಿಗೆ 12 ವಿಮಾನ ಹೋಗಬೇಕು ಅಂತ ತೀರ್ಮಾನ. ಮುಂದಾಳು ಓ.ಪಿ. ತನೇಜಾ. ದೇವಯ್ಯನವರ ಹೆಸರು ಆ 12ರಲ್ಲಿ ಇರಲಿಲ್ಲ. ಯಾವುದಾದ್ರೂ ವಿಮಾನ ಕೈಕೊಟ್ಟರೆ ಬದಲಿಗೆ ಇರಲಿ ಅಂತ ಅವರನ್ನ ಇಟ್ಟಿದ್ದರು. ಒಂದು ವಿಮಾನ ಕೈಕೊಟ್ಟಿತು. ದೇವಯ್ಯ ಹೊರಟರು.

ದಾಳಿ ಮುಗಿಸಿ ಬರುವಾಗ ಅಮೆರಿಕ ಕೊಟ್ಟಿದ್ದ ಸ್ಟಾರ್‌ಫೈಟರ್ ವಿಮಾನ ಒಂದು ಅವರ ಬೆನ್ನು ಹತ್ತಿತು. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರೋದು. ಮಿಸ್ಟೇರಿಗೆ ಅದರ ಅರ್ಧ ವೇಗವೂ ಇಲ್ಲ. ಓಡಿ ತಪ್ಪಿಸ್ಕೊಳ್ಳೋದು ಆಗದ ಮಾತು. ಗುಂಡು ತಗುಲಿದ ಮಿಸ್ಟೇರ್ ಮುಗೀತು ಅಂತ ಆ ಪೈಲಟ್ ಅಂದುಕೊಂಡ. ಆದರೆ ಏಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದರು, ಸ್ಟಾರ್‌ಫೈಟರಿಗೆ ಗುಂಡು ಹೊಡೆದರು. ಅದು ನೆಲಕ್ಕೆ ಬಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ.

ಇದನ್ನೆಲ್ಲಾ ನಾನು ಈಗ ಇಷ್ಟು ಸಲೀಸಾಗಿ ಹೇಳ್ತಿದ್ದೀನಿ. ಆ ದಿನ ನಮ್ಮ ಕಡೆಯವರು ಒಬ್ಬರೂ ಇದನ್ನ ಕಣ್ಣಲ್ಲಿ ಕಂಡಿರಲಿಲ್ಲ. ಜೊತೆಗೆ ಹೋದೋರು ಇಳಿದರು, ಎಣಿಸಿದರು, ಒಂದು ಕಮ್ಮಿ. ಮನೆಗೆ ಹೋದ ಸುದ್ದಿ ‘ಕಾಣೆಯಾಗಿದ್ದಾರೆ’ ಅನ್ನೋದು ಮಾತ್ರ. ಸತ್ತರು ಅಂದ್ರೆ ಅತ್ತು ಮುಗಿಸಬಹುದು. ಕಾಣೆ ಅಂದ್ರೆ ಏನು ಮಾಡೋದು? ಬಾಗಿಲು ಹಾಕೋಕೂ ಮನಸ್ಸು ಬರಲ್ಲ, ತೆರೆದಿಡೋಕೂ ಆಗಲ್ಲ.

ಅದೇ ತಿಂಗಳು ಕೊಡಗಿನ ಇನ್ನೊಂದು ಮನೆಗೂ ಇಂಥದೇ ಸಂಕಟ ಬಂತು. ಜನರಲ್ ಕಾರ್ಯಪ್ಪನವರ ಮಗನ ವಿಮಾನ ಸೆಪ್ಟೆಂಬರ್ 22ರಂದು, ಯುದ್ಧ ನಿಲ್ಲೋಕೆ ಒಂದು ದಿನ ಮುಂಚೆ, ಅಲ್ಲೇ ಬಿತ್ತು. ಅವರು ಸೆರೆ ಸಿಕ್ಕಿದ್ದಾರೆ ಅನ್ನೋ ಸುದ್ದಿ ಬಂತು. ಹಳೇ ಪರಿಚಯದ ಮೇಲೆ ಬಿಟ್ಟುಕಳಿಸ್ತೀವಿ ಅಂತ ಅಯೂಬ್ ಖಾನ್ ಕಡೆಯಿಂದ ಮಾತು ಬಂದಾಗ, ಸೆರೆಯಲ್ಲಿರೋ ಎಲ್ಲರನ್ನೂ ಒಂದೇ ಸಮ ನೋಡಿ, ನನ್ನ ಮಗನಿಗೆ ಬೇರೆ ಬೇಡ ಅಂತ ಕಾರ್ಯಪ್ಪ ಹೇಳಿಕಳಿಸಿದರು. ಆ ಮಗ ಮುಂದಿನ ವರ್ಷ ವಾಪಸ್ ಬಂದರು. ದೇವಯ್ಯನವರ ಮನೆಗೆ ಸುದ್ದಿಯೂ ಬರಲಿಲ್ಲ.

ಸುದ್ದಿ ಬರೋಕೆ 14 ವರ್ಷ ಹಿಡೀತು, ಅದೂ ಆಚೆ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಇಂಗ್ಲಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯವರ ನೆರವಿನಿಂದ ಆ ಯುದ್ಧದ ಬಗ್ಗೆ ಪುಸ್ತಕ ಬರೆದರು. ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರಿನ ಗುಂಡಿಗೆ ಅಂತ ಅದರಲ್ಲಿತ್ತು. ಓದಿದೋರು ಲೆಕ್ಕ ಹಾಕಿದರು. ಆ ದಿನ ಆ ದಾಳಿಗೆ ಹೋಗಿ ಬಾರದ ಮಿಸ್ಟೇರ್ ಒಂದೇ. ಸೇವೆಯಿಂದ ನಿವೃತ್ತರಾಗಿದ್ದ ತನೇಜಾ ಬೆನ್ನುಹತ್ತಿ ಸರ್ಕಾರಕ್ಕೆ ಬರೆದರು. 1988ರಲ್ಲಿ, ಅಂದ್ರೆ ಸತ್ತು 23 ವರ್ಷ ಆದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಅವರ ಹೆಂಡತಿ ಸುಂದರಿ ದೇವಯ್ಯ ಅದನ್ನ ತಗೊಂಡರು. ವಿಮಾನ ಬಿದ್ದ ಕಡೆ ಹಳ್ಳಿ ಜನ ದೇವಯ್ಯನವರನ್ನ ಅಲ್ಲೇ ಮಣ್ಣು ಮಾಡಿದರು ಅಂತ ಆಮೇಲೆ ಹೇಳಿಕೆ ಬಂತು. ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ಜನ.

ಇಷ್ಟು ತಿಳಿದುಕೊಂಡ ಮೇಲೆ ಚಿಕ್ಕವ್ವನ ಪ್ರಶ್ನೆಗೆ ಬರೋಣ.

ಆ ಬದಲಿ ವಿಮಾನ ಹೆಂಗಿತ್ತು ಅಂತ ಯೋಚನೆ ಮಾಡಿ. ಹೋದ್ರೆ ಹೋಯ್ತು, ಇಲ್ಲಾಂದ್ರೆ ಇಲ್ಲ ಅನ್ನೋ ವಿಮಾನ. ಆದ್ರೂ ಅದಕ್ಕೂ ಅಷ್ಟೇ ಇಂಧನ, ಅಷ್ಟೇ ಗುಂಡು, ಅಷ್ಟೇ ತಪಾಸಣೆ. ಕತ್ತಲಲ್ಲಿ ರೆಕ್ಕೆ ಮೇಲೆ ಹತ್ತಿ ಟ್ಯಾಂಕ್ ತುಂಬಿಸಿದವರ ಬೂಟಿನ ಗುರುತು ಅದರ ಮೇಲಿರ್ತದೆ. ಇಂಧನ ತುಂಬೋ ಬಾಯಿ ಸುತ್ತ ಚೆಲ್ಲಿದ ಕಲೆ ಇರ್ತದೆ. ಹೊಟ್ಟೆ ಕೆಳಗೆ ಎಣ್ಣೆ ಸೋರಿ, ಗಾಳಿಗೆ ಹಿಂದಕ್ಕೆ ಎಳೆದ ಗೆರೆ. ತಿರುಪು ಬಿಚ್ಚಿ ಹಾಕಿ ಮಾಡೋ ತಗಡಿನ ಅಂಚಲ್ಲಿ ಕೈಜಿಡ್ಡು. ಪೈಲಟ್ಟಿನ ಹೆಸರಾದ್ರೂ ಒಂದಲ್ಲ ಒಂದು ದಿನ ಬೆಳಕಿಗೆ ಬರ್ತದೆ. ಕೆಳಗೆ ನಿಂತು ಕೆಲಸ ಮಾಡಿದ ಆ ಹುಡುಗರ ಗುರುತು ಅಂತ ಇರೋದು ಈ ಕೊಳೆ ಒಂದೇ. ಹುಣಸೂರಲ್ಲಿ ಕಂಬಳಿ ನೇಯ್ದೋರ ಮಾತು ಹೇಳಿದ್ನಲ್ಲ, ಇದಕ್ಕೇ. ತೊಳೆದಿಟ್ಟ ಹಂಗಿರೋ ವಿಮಾನ ಅಂಗಡೀದು. ಕಲೆ ಇರೋ ವಿಮಾನ ನಾಕು ಜನ ಕೈ ಹಾಕಿದ್ದು.

ಕಲೆ ಹಾಕೋ ವಿಧಾನ ಸರಳ, ತಾಳ್ಮೆ ಬೇಕು ಅಷ್ಟೆ. ಕಪ್ಪು, ಕಂದು ಎಣ್ಣೆ ಬಣ್ಣಾನ ಟರ್ಪೆಂಟೈನಿನಲ್ಲಿ ನೀರಿನಷ್ಟು ತೆಳ್ಳಗೆ ಮಾಡಿ ತಗಡಿನ ಗೆರೆಗಳಿಗೆ ಮುಟ್ಟಿಸ್ತಾನೆ. ಅದು ತಾನೇ ಓಡಿ ಗೆರೆ ತುಂಬ್ಕೊಳ್ತದೆ. ಹೆಚ್ಚಾದದ್ದನ್ನ ಕಿವಿಗೆ ಹಾಕೋ ಹತ್ತಿಕಡ್ಡೀಲಿ ಒರೆಸ್ತಾನೆ, ಯಾವಾಗಲೂ ಮುಂದಿನಿಂದ ಹಿಂದಕ್ಕೆ. ವಿಮಾನ ಹಾರುವಾಗ ಗಾಳಿ ಹೋಗೋದು ಹಂಗೇ ಅಲ್ವಾ. ಅಡ್ಡಡ್ಡ ಒರೆಸಿದ್ರೆ ಸುಳ್ಳು ಕಲೆ ಆಗ್ತದೆ.

ನಮ್ಮ ಅಡುಗೆ ಉಪ್ಪೂ ಇದಕ್ಕೆ ಬೇಕು ಅಂದ್ರೆ ನಂಬ್ತೀರಾ? ಯುದ್ಧ ಶುರುವಾದ ಮೇಲೆ ಬೆಳ್ಳಿ ವಿಮಾನ ಬಿಸಿಲಿಗೆ ಹೊಳೆದು ಶತ್ರುವಿಗೆ ಕಾಣ್ತದೆ ಅಂತ ಮಿಸ್ಟೇರ್‌ಗಳಿಗೆ ಅವಸರದಲ್ಲಿ ಮರೆಮಾಚೋ ಬಣ್ಣ ಬಳಿದರು. ಅವಸರದ ಬಣ್ಣ ಬೇಗ ಏಳ್ತದೆ, ಒಳಗಿನ ಬೆಳ್ಳಿ ಇಣುಕ್ತದೆ. ಅದನ್ನ ಮಾಡೆಲ್‌ನಲ್ಲಿ ತೋರಿಸೋಕೆ ಬೆಳ್ಳಿ ಬಣ್ಣದ ಮೇಲೆ ನೀರು ಚಿಮುಕಿಸಿ, ಉಪ್ಪಿನ ಹರಳು ಉದುರಿಸಿ, ಒಣಗಿದ ಮೇಲೆ ಹಸಿರು ಊದಿ, ಆಮೇಲೆ ಉಪ್ಪನ್ನ ಉಜ್ಜಿ ತೆಗೀಬೇಕು. ಉಪ್ಪಿದ್ದ ಕಡೆ ಬೆಳ್ಳಿ ಉಳ್ಕೊಳ್ತದೆ. ಇದನ್ನ ಒಂದು ಹಳೇ ರೆಕ್ಕೆ ತುಂಡಿನ ಮೇಲೆ ಮಾಡಿ ತೋರಿಸಿದ. ಈ ವಿಮಾನಕ್ಕೆ ಮಾತ್ರ, ಫ್ರಾನ್ಸಿನಿಂದ ಬಂದಾಗ ಇದ್ದ ಹಂಗೆ, ಬೆಳ್ಳಿ ಮೈಯನ್ನೇ ಉಳಿಸಿದ.

ಎಲ್ಲಾ ಆದ ಮೇಲೆ ಎರಡು ವಿಷಯಕ್ಕೆ ನಮ್ಮಿಬ್ಬರಿಗೂ ಮಾತು ನಡೀತು. ಒಂದು, ಗುಂಡು ತಗುಲಿದ ತೂತು ಹಾಕಬೇಕಾ? ‘ಬೇಡ ದೊಡ್ಡವ್ವ’ ಅಂದ. ‘ಆ ಗಾಯ ಎಲ್ಲಿತ್ತು ಅಂತ ನಮ್ಮೋರು ಯಾರೂ ನೋಡಿಲ್ಲ. ನಾನು ನನ್ನಿಷ್ಟಕ್ಕೆ ತೂತು ಕೊರೆದ್ರೆ ಅದು ಅವರ ಕಥೆ ಅಲ್ಲ, ನನ್ನ ಕಥೆ ಆಗ್ತದೆ.’ ಸರಿ ಅನ್ನಿಸ್ತು, ಒಪ್ಪಿದೆ.

ಇನ್ನೊಂದು ಬಂದೂಕಿನ ಬಾಯಿ. ಮಿಸ್ಟೇರಿನ ಮೂತಿ ಕೆಳಗೆ 30 ಮಿಲಿಮೀಟರಿನ ಎರಡು ಫಿರಂಗಿ ಇರ್ತವೆ. ಹೊಡೆದ ಮೇಲೆ ಬಾಯಿ ಹತ್ರ ಹೊಗೆಮಸಿ ಹಿಡೀತದೆ. ಇಳಿದ ತಕ್ಷಣ ಕೆಳಗಿನ ಹುಡುಗರು ಒರೆಸಿಬಿಡ್ತಾರೆ, ಅದಕ್ಕೆ ಮಸಿ ಬೇಡ ಅಂತ ಅವನ ವಾದ. ನಾನು ಅಂದೆ, ‘ಈ ವಿಮಾನ ಇಳಿಯಲೇ ಇಲ್ಲವಲ್ಲಪ್ಪ. ಒರೆಸೋರು ಯಾರಿದ್ರು? ಅವರು ಗುಂಡು ಹೊಡೆದರು ಅನ್ನೋದು ಲೋಕಕ್ಕೆ ಗೊತ್ತಾಗೋಕೆ 14 ವರ್ಷ ಬೇಕಾಯ್ತು, ಸರ್ಕಾರ ಒಪ್ಪೋಕೆ 23 ವರ್ಷ. ಬೇರೆ ಯಾವ ಕಲೆ ಇಲ್ಲದಿದ್ರೂ ಆ ಮಸಿ ಇರಬೇಕು.’ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಚಕ್ರ ಒಳಗೆ ಮಡಿಸಿ, ಹಾರ್ತಾ ಇರೋ ಹಂಗೆ ಒಂದು ಕಡ್ಡಿ ಮೇಲೆ ನಿಲ್ಲಿಸಿದ. ಎರಡೂ ಫಿರಂಗಿ ಬಾಯಿಗೆ ತೆಳ್ಳಗೆ ಮಸಿ ಹಚ್ಚಿ, ಹಿಂದಕ್ಕೆ ಒಂದೊಂದು ಗೆರೆ ಎಳೆದ. ಅಕ್ಕಿ ಕಾಳಿನಷ್ಟು ಉದ್ದ, ಅಷ್ಟೇ.

ನಮ್ಮನೆಗೆ ಬಂದೋರು ಈಗ ಶೋಕೇಸಿನಲ್ಲಿ ಅದನ್ನ ನೋಡ್ಬಹುದು. ನೋಡುವಾಗ ಮೂತಿ ಕೆಳಗೆ ಬಗ್ಗಿ ನೋಡಿ. ಮಡಿಕೇರಿ ಕಡೆ ಹೋದೋರು ಆ ವೃತ್ತದ ಹತ್ರ ಬಸ್ಸಿಂದ ಇಳಿದಾಗ ಪ್ರತಿಮೆ ಕಡೆ ತಲೆ ಎತ್ತಿ ನೋಡಿ, ಮಕ್ಕಳಿಗೂ ತೋರಿಸಿ. ಇನ್ನು ನಿಮ್ಮ ಮನೇಲೂ ಇಂಥ ಮಾಡೆಲ್ ಮಾಡೋ ಮಕ್ಕಳಿದ್ರೆ ಒಂದು ಬುದ್ಧಿಮಾತು. ಹಬ್ಬದ ಮನೆ ಸಾರಿಸುವಾಗ ಅದರ ಮೇಲೆ ಒದ್ದೆ ಬಟ್ಟೆ ಹಾಕಬೇಡಿ, ಸುತ್ತಿನ ಚೀಟಿ ಎದ್ದು ಬರ್ತದೆ. ಮುಖಕ್ಕೆ ಪೌಡರ್ ಹಚ್ಚೋ ಮೆತ್ತನೆ ಬ್ರಷ್ಷಲ್ಲಿ ಧೂಳು ಮಾತ್ರ ಕೊಡವಿ. ಮಸಿ ಇದ್ರೆ ಇರಲಿ, ಬಿಡಿ.